ಕ್ಯಾಂಪಸ್ ನೆಟ್‌ವರ್ಕ್ ನವೀಕರಣ: ಎರೆನೆಲದಲ್ಲಿ ಯಾವ ಆಯ್ಕೆ ಬಾಳುತ್ತದೆ?

ಕ್ಯಾಂಪಸ್ಸಿಗೆ ಹೊಸ ನೆಟ್‌ವರ್ಕ್ ಬೇಕೆಂದು ಸಮಿತಿ ಕೂತ ದಿನ ಮೇಜಿನ ಮೇಲೆ ಮೊದಲು ಹರಡಿಕೊಳ್ಳುವುದು ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್ಚುಗಳ ಹಾಗೂ ವೈ-ಫೈ ಉಪಕರಣಗಳ ಬಣ್ಣದ ಕ್ಯಾಟಲಾಗುಗಳು. ನೆಲದಡಿಯ ಪೈಪು, ಅರ್ಥಿಂಗ್, ಬ್ಯಾಟರಿ ಇಡುವ ಕೋಣೆ ಇವುಗಳ ಮಾತು ಬರುವ ಹೊತ್ತಿಗೆ ಅಂದಾಜು ಪಟ್ಟಿಯ ಬಹುಪಾಲು ತುಂಬಿ ಹೋಗಿರುತ್ತದೆ. ಕಲಬುರಗಿ ಭಾಗದಲ್ಲಿ ಈ ಕೆಲಸವನ್ನು ಹಲವು ವರ್ಷ ಮಾಡಿದ ಮೇಲೆ ಈ ಕ್ರಮ ಪೂರ್ತಿ ತಲೆಕೆಳಗಾಗಿದೆ ಎಂಬುದು ನನಗೆ ಮನದಟ್ಟಾಗಿದೆ. ಸರಿಯಾಗಿ ಹೂತ ಡಕ್ಟ್ (ಕೇಬಲ್ ತೂರಿಸುವ ಪೈಪು) ಮತ್ತು ಗಾಜಿನ ಎಳೆಗಳಲ್ಲಿ ಬೆಳಕಾಗಿ ಮಾಹಿತಿ ಒಯ್ಯುವ ಓಎಫ್‌ಸಿ ಕೇಬಲ್ ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತವೆ; ಸ್ವಿಚ್ಚು ಏಳೆಂಟು ವರ್ಷ, ವೈ-ಫೈ ಉಪಕರಣ ಐದಾರು ವರ್ಷ. ಹೆಚ್ಚು ಬಾಳುವುದಕ್ಕೆ ಮೊದಲು ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಪೆಟ್ಟಿಗೆಗಳನ್ನು ಕೊಳ್ಳಬೇಕು. ಮುಂದಿನ ಹೋಲಿಕೆಗಳೆಲ್ಲವನ್ನೂ ಈ ಒಂದು ಲೆಕ್ಕದ ಮೇಲೆಯೇ ಮಾಡಿದ್ದೇನೆ.

ನಮ್ಮ ಭಾಗದ ಕ್ಯಾಂಪಸ್ಸುಗಳ ಸ್ವರೂಪವನ್ನೂ ಮೊದಲೇ ಗಮನಿಸಬೇಕು. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಾಗಲಿ, 2009ರಲ್ಲಿ ಆರಂಭವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆ ನಿಂತ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವಾಗಲಿ ಊರಿನ ಮಧ್ಯದ ಒಂದೆರಡು ಕಟ್ಟಡಗಳ ಸಂಸ್ಥೆಗಳಲ್ಲ. ಇಂಥ ಆವರಣಗಳಲ್ಲಿ ವಿಭಾಗದಿಂದ ವಿಭಾಗಕ್ಕೆ, ಗ್ರಂಥಾಲಯದಿಂದ ಹಾಸ್ಟೆಲ್ಲಿಗೆ ನಡೆದು ಹೋಗಬೇಕಾದ ದೂರವೇ ಬಹಳ. ದೂರ ಹೆಚ್ಚಿದಷ್ಟೂ ಅಗೆತ ಹೆಚ್ಚು. ಅಗೆತ ಹೆಚ್ಚಿದಷ್ಟೂ ಮಣ್ಣಿನ ಗುಣ ಮುಖ್ಯವಾಗುತ್ತದೆ.

ನೆಲದಡಿಯೋ, ಕಂಬದ ಮೇಲೋ?

ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ತೊಗರಿ ಬೆಳೆಯುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೆ ಬೇರೆ ಊರಿನಿಂದ ಬಂದು ಟೆಂಡರು ಹಿಡಿದ ಗುತ್ತಿಗೆದಾರನಿಗೆ ಹೇಳಲೇಬೇಕು. ಒಂದು ಜೂನ್ ತಿಂಗಳಲ್ಲಿ, ಎರಡನೆಯ ಮಳೆ ಬಿದ್ದ ಮರುದಿನ, ಒಂದು ಕ್ಯಾಂಪಸ್ಸಿನ ವಿಜ್ಞಾನ ವಿಭಾಗದ ಸಂಪರ್ಕ ಕಡಿದುಹೋಯಿತು. ಕೇಬಲ್ಲಿನೊಳಗೆ ಬೆಳಕು ಬಿಟ್ಟು ದೋಷ ಎಷ್ಟು ದೂರದಲ್ಲಿದೆ ಎಂದು ಅಳೆಯುವ ಓಟಿಡಿಆರ್ ಯಂತ್ರ ಹಚ್ಚಿದಾಗ ದೋಷ 340 ಮೀಟರಿನಲ್ಲಿ ಇದೆಯೆಂದು ತೋರಿಸಿತು. ಅಲ್ಲಿ ಅಗೆದು ನೋಡಿದರೆ ಯಾರೂ ಗುದ್ದಲಿ ತಗುಲಿಸಿರಲಿಲ್ಲ, ಇಲಿಯೂ ಕಡಿದಿರಲಿಲ್ಲ. ಗಡಸು ಪಿವಿಸಿ ಪೈಪಿನ ಎರಡು ತುಂಡುಗಳು ಜೋಡಣೆಯಲ್ಲಿ ಬಿಟ್ಟುಕೊಂಡು, ಒಂದು ಮೇಲಕ್ಕೆ ಒಂದು ಕೆಳಕ್ಕೆ ಸರಿದು, ಅವುಗಳ ಅಂಚು ಕತ್ತರಿಯಂತೆ ಕೇಬಲ್ಲನ್ನು ಅಮುಕಿ ಹಿಡಿದಿತ್ತು. ಪೈಪಿನ ಪಕ್ಕದ ಬಿರುಕಿನಲ್ಲಿ ನನ್ನ ಕೈ ಮಣಿಕಟ್ಟಿನವರೆಗೆ ಇಳಿಯಿತು. ಮೇಲಿನ ಹುಲ್ಲು ಮಾತ್ರ ಏನೂ ಆಗದಂತೆ ಹಸಿರಾಗಿತ್ತು.

ಆದ್ದರಿಂದ ಎರೆನೆಲದಲ್ಲಿ ತುಂಡು ತುಂಡು ಜೋಡಿಸುವ ಪಿವಿಸಿ ಪೈಪಿಗೂ ಸುರುಳಿಯಲ್ಲಿ ಬರುವ, ಬಾಗುವ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಡಕ್ಟಿಗೂ ಹೋಲಿಕೆ ಮಾಡುವಾಗ ಮೀಟರಿನ ದರ ನೋಡಿ ಸುಮ್ಮನಾಗಬಾರದು. ಎಚ್‌ಡಿಪಿಇ ಮಣ್ಣಿನ ಜೊತೆ ಬಾಗುತ್ತದೆ, ನೂರಾರು ಮೀಟರು ಜೋಡಣೆಯೇ ಇಲ್ಲದೆ ಸಾಗುತ್ತದೆ. ದೂರಸಂಪರ್ಕದವರು ಸಾಮಾನ್ಯವಾಗಿ ಬಳಸುವ, ಹೊರವ್ಯಾಸ 40 ಮತ್ತು ಒಳವ್ಯಾಸ 33 ಮಿಲಿಮೀಟರಿನ ಡಕ್ಟ್ ಕ್ಯಾಂಪಸ್ಸಿಗೂ ಸಾಕು. ಒಂದರ ಜಾಗದಲ್ಲಿ ಎರಡು ಡಕ್ಟ್ ಹಾಕಿ ಒಂದನ್ನು ಖಾಲಿ ಬಿಡುವುದು ನನ್ನ ಖಚಿತ ಸಲಹೆ, ಏಕೆಂದರೆ ಖರ್ಚಿನ ಹೆಚ್ಚಿನ ಭಾಗ ಅಗೆತದ್ದೇ ಹೊರತು ಡಕ್ಟಿನದಲ್ಲ, ಮತ್ತು ಹತ್ತು ವರ್ಷದ ನಂತರ ಮತ್ತೊಂದು ಕೇಬಲ್ ಎಳೆಯಬೇಕಾದಾಗ ಆ ಖಾಲಿ ಡಕ್ಟ್ ಇಡೀ ಅಗೆತವನ್ನು ಉಳಿಸುತ್ತದೆ.

ಆಳದ ವಿಷಯದಲ್ಲಿ ದೂರಸಂಪರ್ಕ ಕಾಮಗಾರಿಗಳ ರೂಢಿ 1.65 ಮೀಟರು. ಎರೆನೆಲದಲ್ಲಿ ಅಷ್ಟು ಆಳಕ್ಕೆ ಇಳಿದರೆ ಬಿರುಕು ಹೆಚ್ಚಾಗಿ ಓಡಾಡುವ ಮೇಲ್ಪದರದಿಂದ ಕೇಬಲ್ ತಪ್ಪಿಸಿಕೊಳ್ಳುತ್ತದೆ. ಡಕ್ಟಿನ ಕೆಳಗೂ ಮೇಲೂ ಮರಳಿನ ಪದರ ಹಾಸಿದರೆ ಇನ್ನೂ ಒಳ್ಳೆಯದು. ಆದರೆ ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ಸ್ವಲ್ಪ ಅಗೆದೊಡನೆ ಫರ್ಸಿ ಕಲ್ಲಿನ ಹಾಸು ಸಿಗುತ್ತದೆ. ಅಲ್ಲಿ ಅದೇ ಆಳಕ್ಕೆ ಹಟ ಹಿಡಿದರೆ ಕಲ್ಲು ಒಡೆಯುವುದಕ್ಕೇ ಹಣ ಮುಗಿಯುತ್ತದೆ. ಕಡಿಮೆ ಆಳದಲ್ಲಿ ಜಿಐ ಪೈಪಿನೊಳಗೆ ಡಕ್ಟ್ ತೂರಿಸಿ ಮೇಲೆ ಕಾಂಕ್ರೀಟ್ ಹಾಕುವುದು ಅಂಥ ಕಡೆ ವಿವೇಕದ ಆಯ್ಕೆ. ಒಂದೇ ಕ್ಯಾಂಪಸ್ಸಿನಲ್ಲಿ ಎರಡೂ ಬಗೆಯ ನೆಲ ಇರಬಹುದಾದ್ದರಿಂದ ಅಂದಾಜು ಪಟ್ಟಿಯಲ್ಲಿ ಮಣ್ಣಿನ ಅಗೆತ ಮತ್ತು ಕಲ್ಲಿನ ಅಗೆತಕ್ಕೆ ಬೇರೆ ಬೇರೆ ಬಾಬತ್ತು ಇರಲಿ. ಇಲ್ಲವಾದರೆ ಗುತ್ತಿಗೆದಾರ ಕಲ್ಲು ಸಿಕ್ಕ ಕಡೆಯೆಲ್ಲ ಒಂದೂವರೆ ಅಡಿಗೆ ಮಣ್ಣು ಮುಚ್ಚಿ ಮುಂದೆ ಹೋಗುತ್ತಾನೆ, ಅದು ತಿಳಿಯುವುದು ಮುಂದಿನ ಜೆಸಿಬಿ ಬಂದಾಗಲೇ.

ಕೇಬಲ್ಲಿನ ದಾರಿಯಲ್ಲಿ ತೆರೆದು ನೋಡಲು ಕಟ್ಟುವ ಗುಂಡಿಗಳಾದ ಚೇಂಬರುಗಳಲ್ಲಿ ಉಳಿತಾಯ ಮಾಡಬಾರದು. ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ನೆಲದಡಿಯ ನೀರಿನ ಸುರಂಗದುದ್ದಕ್ಕೂ ಅಷ್ಟಷ್ಟು ದೂರಕ್ಕೊಂದು ಬಾವಿಯಂಥ ಕಂಡಿ ಬಿಟ್ಟಿದ್ದಾರೆ, ಗಾಳಿಯಾಡಲಿಕ್ಕೂ ಮನುಷ್ಯ ಇಳಿದು ಹೂಳು ತೆಗೆಯಲಿಕ್ಕೂ ಅದೇ ದಾರಿ. ಕೇಬಲ್ಲಿನ ದಾರಿಗೂ ಅದೇ ನ್ಯಾಯ. ಪ್ರತಿ ತಿರುವಿಗೆ, ಪ್ರತಿ ಕಟ್ಟಡದ ಬಾಯಿಗೆ, ನೇರ ದಾರಿಯಲ್ಲಿ ಸುಮಾರು 200 ಮೀಟರಿಗೆ ಒಂದು ಚೇಂಬರ್ ಇದ್ದು ಅದರಲ್ಲಿ ಹತ್ತು ಹದಿನೈದು ಮೀಟರು ಕೇಬಲ್ ಸುತ್ತಿಟ್ಟಿದ್ದರೆ ಕಡಿದುಹೋದ ದಿನವೇ ಜೋಡಿಸಬಹುದು.

ಕಂಬದ ಮೇಲೆ ಎಳೆಯುವ ಕೇಬಲ್ಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ವಾರದೊಳಗೆ ಮುಗಿಯುತ್ತದೆ, ಖರ್ಚು ಬಹಳ ಕಡಿಮೆ, ದೋಷ ಕಣ್ಣಿಗೆ ಕಾಣುತ್ತದೆ. ಎರಡನೆಯ ದಾರಿಯಾಗಿ, ಅಂದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಸುವ ನೆಲದಡಿಯ ಉಂಗುರವನ್ನು ಪೂರ್ತಿಗೊಳಿಸುವ ಕೊನೆಯ ತುಂಡಾಗಿ, ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಮುಖ್ಯ ದಾರಿಯಾಗಿ ಒಪ್ಪಲಾರೆ. ಮುಂಗಾರಿಗೆ ಮುಂಚಿನ ಗಾಳಿಗೆ ಬೇವಿನ ಕೊಂಬೆ ಮುರಿದು ಬೀಳುವ ಆವರಣದಲ್ಲಿ ಪರೀಕ್ಷಾ ವಿಭಾಗದ ಸಂಪರ್ಕವನ್ನು ಕಂಬದ ಮೇಲೆ ತೂಗುಹಾಕಬಾರದು.

ಯಾವ ಕೇಬಲ್?

ಹಳೆಯ ಕ್ಯಾಂಪಸ್ಸುಗಳಲ್ಲಿ ಮಲ್ಟಿಮೋಡ್ ಕೇಬಲ್ (ಕಡಿಮೆ ದೂರಕ್ಕೆ ಆಗುವ ಬಗೆಯ ಓಎಫ್‌ಸಿ) ಇನ್ನೂ ನೆಲದಲ್ಲಿದೆ. “ಓಎಫ್‌ಸಿ ಇದ್ದೇ ಇದೆಯಲ್ಲ, ಸ್ವಿಚ್ಚು ಮಾತ್ರ ಬದಲಿಸಿದರೆ ಸಾಕು” ಎಂಬ ಸಲಹೆ ಬಂದಾಗ ಕೇಬಲ್ಲಿನ ಮೈಮೇಲೆ ಮುದ್ರಿಸಿದ್ದನ್ನು ಓದಿ ನೋಡಬೇಕು. ಓಎಂ1 ಎಂದಿದ್ದರೆ ಅದರಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ವೇಗದ ಸಂಪರ್ಕ ಸುಮಾರು 33 ಮೀಟರಿನಷ್ಟು ದೂರ ಮಾತ್ರ ಹೋಗುತ್ತದೆ. ಓಎಂ2 ಆದರೆ 82 ಮೀಟರು, ಓಎಂ3 ಆದರೆ 300 ಮೀಟರು. ಸಿಂಗಲ್‌ಮೋಡ್ ಕೇಬಲ್ಲಿನಲ್ಲಿ ಸಾಮಾನ್ಯ ಎಲ್‌ಆರ್ ಮಾಡ್ಯೂಲಿನಿಂದಲೇ (ಸ್ವಿಚ್ಚಿಗೆ ಸಿಕ್ಕಿಸಿ ಬೆಳಕು ಕಳಿಸುವ ತುಂಡು) 10 ಕಿಲೋಮೀಟರು ಹೋಗುತ್ತದೆ, ಮುಂದೆ 100 ಗಿಗಾಬಿಟ್ ಬೇಕೆಂದರೂ ಕೇಬಲ್ ಮುಟ್ಟದೆ ಎರಡು ತುದಿಯ ಮಾಡ್ಯೂಲ್ ಬದಲಿಸಿದರೆ ಆಯಿತು. ಹಿಂದೆ ಸಿಂಗಲ್‌ಮೋಡಿನ ಮಾಡ್ಯೂಲುಗಳು ದುಬಾರಿಯಾಗಿದ್ದುದರಿಂದ ಮಲ್ಟಿಮೋಡಿಗೆ ಒಂದು ಅರ್ಥವಿತ್ತು. ಈಗ ಕಟ್ಟಡದಿಂದ ಕಟ್ಟಡಕ್ಕೆ ಸಿಂಗಲ್‌ಮೋಡ್ ಹೊರತು ಬೇರೆ ಆಯ್ಕೆಯನ್ನು ನಾನು ಸಮಿತಿಯ ಮುಂದೆ ಇಡುವುದೇ ಇಲ್ಲ. ಎಳೆಗಳ ಸಂಖ್ಯೆ ಸಣ್ಣ ಕಟ್ಟಡಕ್ಕೆ 12, ದೊಡ್ಡದಕ್ಕೆ 24 ಇರಲಿ. 6 ಎಳೆಯ ಕೇಬಲ್ಲಿನಿಂದ ಉಳಿಯುವ ಹಣ ಅಗೆತದ ಖರ್ಚಿನ ಮುಂದೆ ಏನೇನೂ ಅಲ್ಲ.

ಕಟ್ಟಡದ ಒಳಗೆ ತಾಮ್ರದ ಕೇಬಲ್ಲೇ ಸಾಕು. ಕ್ಯಾಟ್ 6 ದರ್ಜೆಯ ಕೇಬಲ್ 10 ಗಿಗಾಬಿಟ್ಟನ್ನು ಸುಮಾರು 55 ಮೀಟರು ಒಯ್ಯುತ್ತದೆ, ಕ್ಯಾಟ್ 6ಎ ಪೂರ್ತಿ 100 ಮೀಟರು. ಮೇಜಿನ ಕಂಪ್ಯೂಟರಿಗೆ ಕ್ಯಾಟ್ 6, ಛಾವಣಿಯ ವೈ-ಫೈ ಉಪಕರಣಕ್ಕೆ ಕ್ಯಾಟ್ 6ಎ ಎಂದು ಬೇರೆ ಮಾಡಿದರೆ ಹಣವೂ ಉಳಿಯುತ್ತದೆ, ಮುಂದಿನ ಪೀಳಿಗೆಯ ವೈ-ಫೈಗೆ ಗೋಡೆ ಒಡೆಯುವ ಕೆಲಸವೂ ತಪ್ಪುತ್ತದೆ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮಾತ್ರ ತಾಮ್ರವನ್ನು ಎಂದೂ ಎಳೆಯಬಾರದು, ದೂರ ಮೂವತ್ತೇ ಮೀಟರು ಇದ್ದರೂ. ಏಪ್ರಿಲ್, ಮೇ ತಿಂಗಳ ಸಿಡಿಲು ಎಲ್ಲೋ ದೂರದಲ್ಲಿ ಬಿದ್ದರೂ ಎರಡು ಕಟ್ಟಡಗಳ ಅರ್ಥಿಂಗಿನ ನಡುವೆ ಒಮ್ಮೆಲೆ ವೋಲ್ಟೇಜ್ ವ್ಯತ್ಯಾಸ ಹುಟ್ಟಿ ಆ ತಂತಿಯ ಮೂಲಕವೇ ಹರಿಯುತ್ತದೆ, ಎರಡೂ ತುದಿಯ ಸ್ವಿಚ್ಚುಗಳ ಪೋರ್ಟುಗಳನ್ನು ಸುಟ್ಟು ಹಾಕುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಕೇಬಲ್ಲಿಗೆ ಉಕ್ಕಿನ ಕವಚವಿದ್ದರೆ ಆ ಕವಚವನ್ನು ಕಟ್ಟಡದ ಬಾಯಲ್ಲೇ ಅರ್ಥಿಂಗಿಗೆ ಜೋಡಿಸುವುದನ್ನು ಮರೆಯಬಾರದು.

ಹಾಸ್ಟೆಲ್ಲಿಗೆ ಜಿಪಾನ್ ಒಳ್ಳೆಯದೋ, ಸ್ವಿಚ್ಚು ಒಳ್ಳೆಯದೋ?

ಸಮಿತಿಯಲ್ಲಿ ಹೆಚ್ಚು ವಾದ ನಡೆಯುವುದು ಇಲ್ಲೇ, ಮತ್ತು ಎರಡೂ ಕಡೆ ನಿಜವಾದ ಬಲವಿದೆ. ಸ್ವಿಚ್ಚಿನ ವ್ಯವಸ್ಥೆಯಲ್ಲಿ ಪ್ರತಿ ಮಹಡಿಗೂ ಒಂದು ರ‍್ಯಾಕ್, ಅದಕ್ಕೆ ವಿದ್ಯುತ್ತು, ಯುಪಿಎಸ್, ಗಾಳಿ ಬೇಕು. ಜಿಪಾನಿನಲ್ಲಿ, ಅಂದರೆ ಒಂದೇ ಗಾಜಿನ ಎಳೆಯನ್ನು ಹಲವು ಕೋಣೆಗಳಿಗೆ ಕವಲೊಡೆಸಿ ಹಂಚುವ ವ್ಯವಸ್ಥೆಯಲ್ಲಿ, ಮುಖ್ಯ ಕೋಣೆಯಲ್ಲಿ ಕೇಂದ್ರ ಪೆಟ್ಟಿಗೆಯಾದ ಒಂದು ಓಎಲ್‌ಟಿ, ಕೋಣೆಗಳ ಕಡೆ ಸಣ್ಣ ಪೆಟ್ಟಿಗೆಯಾದ ಒಎನ್‌ಟಿ, ನಡುವೆ ಇರುವುದು ವಿದ್ಯುತ್ತೇ ಬೇಡದ ಒಂದು ಸ್ಪ್ಲಿಟರ್. ಮೇ ತಿಂಗಳಲ್ಲಿ 42–43 ಡಿಗ್ರಿ ದಾಟುವ ಊರಿನಲ್ಲಿ ನಡುವಿನ ವಿದ್ಯುತ್ ಪೆಟ್ಟಿಗೆಯೇ ಇಲ್ಲದಿರುವುದು ಸಣ್ಣ ಲಾಭವಲ್ಲ. ಹಾಸ್ಟೆಲ್ಲೊಂದರ ಮೇಲಿನ ಮಹಡಿಯಲ್ಲಿ, ಪಡುವಣ ಗೋಡೆಗೆ ಬಡಿದ ಕಬ್ಬಿಣದ ರ‍್ಯಾಕಿನ ಬಾಗಿಲನ್ನು ಮಧ್ಯಾಹ್ನ ಮೂರಕ್ಕೆ ತೆರೆದಾಗ ಒಳಗಿನ ಸ್ವಿಚ್ಚಿನ ಮೇಲೆ ಕೈ ಇಡಲಾಗಲಿಲ್ಲ. ಫ್ಯಾನಿನ ಬಾಯಿಗೆ ಧೂಳು ಕಂಬಳಿಯಂತೆ ಕಟ್ಟಿತ್ತು. ಸಾಮಾನ್ಯ ದರ್ಜೆಯ ಸ್ವಿಚ್ಚುಗಳಲ್ಲಿ ಹಲವನ್ನು ಸುತ್ತಲಿನ ಉಷ್ಣತೆ 40ರಿಂದ 45 ಡಿಗ್ರಿ ಇರುವವರೆಗೆ ಮಾತ್ರ ಲೆಕ್ಕ ಹಾಕಿ ಮಾಡಿರುತ್ತಾರೆ. ಹೊರಗಿನ ಗಾಳಿಯೇ ಅಷ್ಟಿದ್ದಾಗ ಮುಚ್ಚಿದ ಪೆಟ್ಟಿಗೆಯ ಒಳಗೆ ಅದು ಎಷ್ಟು ದಿನ ಬಾಳೀತು?

ಇನ್ನೊಂದು ಕಡೆ ವೇಗದ ಲೆಕ್ಕವನ್ನೂ ಮಾಡಬೇಕು. ಜಿಪಾನಿನ ಒಂದು ಪೋರ್ಟಿನಲ್ಲಿ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ 1.25 ಗಿಗಾಬಿಟ್ ಇರುತ್ತದೆ. 32 ಕವಲಿನ ಸ್ಪ್ಲಿಟರಿನಲ್ಲಿ ಎಲ್ಲರೂ ಒಟ್ಟಿಗೆ ಬಳಸಿದರೆ ಕವಲಿಗೆ ಸುಮಾರು 78 ಮೆಗಾಬಿಟ್ ಇಳಿಕೆ, 39 ಮೆಗಾಬಿಟ್ ಏರಿಕೆ. ಒಂದು ಕವಲಿನಲ್ಲಿ ಒಂದು ಕೋಣೆ, ಇಬ್ಬರು ಮೂವರು ವಿದ್ಯಾರ್ಥಿಗಳಿದ್ದರೆ ಇದು ಬೇಕಾದಷ್ಟು. ಅದೇ ಕವಲಿಗೆ ಮೂವತ್ತು ಜನರನ್ನು ಹೊರುವ ವೈ-ಫೈ ಉಪಕರಣ ಕಟ್ಟಿದರೆ ಸಾಲದು. ಎರಡೂ ದಿಕ್ಕಿನಲ್ಲಿ 10 ಗಿಗಾಬಿಟ್ ಕೊಡುವ ಎಕ್ಸ್‌ಜಿಎಸ್-ಪಾನ್ ಈ ಕೊರತೆಯನ್ನು ನೀಗಿಸುತ್ತದೆ, ಆದರೆ ಬೆಲೆ ಏರುತ್ತದೆ. ಜೊತೆಗೆ, ವೈ-ಫೈ ಉಪಕರಣಕ್ಕೆ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಅನುಕೂಲ ಸ್ವಿಚ್ಚಿನಲ್ಲಿ ಸಹಜವಾಗಿ ಬರುತ್ತದೆ. ಜಿಪಾನಿನಲ್ಲಿ ಪ್ರತಿ ಒಎನ್‌ಟಿಗೂ ವಿದ್ಯುತ್ತಿನ ದಾರಿ ಬೇರೆಯಾಗಿ ಹುಡುಕಬೇಕು.

ನನ್ನ ತೀರ್ಮಾನ ಹೀಗಿದೆ: ಬೋಧಕರ ವಸತಿಗೃಹಗಳಿಗೆ, ಅತಿಥಿಗೃಹಕ್ಕೆ, ಚದುರಿದ ಸಣ್ಣ ಕಟ್ಟಡಗಳಿಗೆ ಜಿಪಾನ್, ತರಗತಿ, ಪ್ರಯೋಗಾಲಯ, ಗ್ರಂಥಾಲಯ, ಆಡಳಿತ ಭವನಕ್ಕೆ ಸ್ವಿಚ್ಚು. ಹಾಸ್ಟೆಲ್ಲಿನಲ್ಲಿ ನೆಲಮಹಡಿಯಲ್ಲಿ ಒಂದೇ ತಂಪಾದ ರ‍್ಯಾಕ್ ಕೋಣೆ ಸಿಗುವುದಾದರೆ, ಮತ್ತು ಅಲ್ಲಿಂದ ಯಾವ ಕೋಣೆಗೂ ಕೇಬಲ್ಲಿನ ಉದ್ದ 90 ಮೀಟರು ಮೀರದಿದ್ದರೆ ಸ್ವಿಚ್ಚು, ಸಿಗದಿದ್ದರೆ ಎಕ್ಸ್‌ಜಿಎಸ್-ಪಾನ್. ಸ್ವಿಚ್ಚು ಕೊಳ್ಳುವಾಗ ಅದು ಒಟ್ಟು ಎಷ್ಟು ವ್ಯಾಟ್ ಪೂರೈಸುತ್ತದೆಂದು ಕೇಳಬೇಕು. 24 ಪೋರ್ಟಿನದೆಂದು ತಂದದ್ದು ಒಟ್ಟು 370 ವ್ಯಾಟ್ ಮಾತ್ರ ಕೊಡುವುದಾದರೆ, ತಲಾ 25 ವ್ಯಾಟ್ ಎಳೆಯುವ ವೈ-ಫೈ ಉಪಕರಣಗಳಲ್ಲಿ ಹದಿನಾಲ್ಕಕ್ಕೆ ಅದರ ಶಕ್ತಿ ಮುಗಿಯುತ್ತದೆ.

ವಿದ್ಯುತ್ತು, ಬ್ಯಾಟರಿ, ಅರ್ಥಿಂಗ್

ಸೀಸದ ಬ್ಯಾಟರಿಯ ಆಯುಸ್ಸನ್ನು ತಯಾರಕರು ಹೇಳುವುದು 25 ಡಿಗ್ರಿ ಉಷ್ಣತೆಗೆ. ಅದಕ್ಕಿಂತ ಹತ್ತು ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿಟ್ಟ ಐದು ವರ್ಷದ ಬ್ಯಾಟರಿ ಎರಡನೆಯ ಬೇಸಿಗೆಗೇ ಕೈ ಕೊಡುವುದು ಇದರಿಂದಲೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳುವಾಗ ದುಬಾರಿ, ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ಸಲ ಚಾರ್ಜ್ ಆಗುತ್ತದೆ. ಹವಾನಿಯಂತ್ರಣವಿರುವ ಮುಖ್ಯ ಕೋಣೆಗೆ ಸೀಸದ್ದೇ ಸಾಕು. ಹವಾನಿಯಂತ್ರಣ ಕೊಡಲಾಗದ ಕಟ್ಟಡಗಳ ರ‍್ಯಾಕುಗಳಿಗೆ ಲಿಥಿಯಂ ಹಾಕಿ. ಎಲ್ಲದಕ್ಕೂ ಒಂದೇ ಬಗೆ ಎಂಬ ಹಟ ಬೇಡ.

ಅರ್ಥಿಂಗಿನ ರೋಧವನ್ನು ಅಳೆಯುವವರು ಅಕ್ಟೋಬರಿನಲ್ಲಿ, ಮಣ್ಣು ಹಸಿಯಿದ್ದಾಗ ಬಂದು, ಚೆಂದದ ಅಂಕಿ ಬರೆದು ಹೋಗುತ್ತಾರೆ. ಏಪ್ರಿಲ್ ಕೊನೆಯಲ್ಲಿ, ಎರೆಮಣ್ಣು ಒಣಗಿ ಎಲೆಕ್ಟ್ರೋಡಿನ ಸುತ್ತ ಬಾಯಿ ಬಿಟ್ಟಾಗ ಅಳೆದರೆ ಅಂಕಿ ಎಷ್ಟೋ ಮೇಲೇರಿರುತ್ತದೆ, ಮತ್ತು ಸಿಡಿಲು ಬರುವುದೂ ಆಗಲೇ. ಅಳತೆ ಬೇಸಿಗೆಯಲ್ಲೇ ಆಗಬೇಕೆಂದು ಕರಾರಿನಲ್ಲಿ ಬರೆಯಿರಿ.

ಹೊರಗಿನ ಸಂಪರ್ಕ

2010ರ ಮಾರ್ಚಿನಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂಪಾಯಿಯ ಅಂದಾಜಿನಲ್ಲಿ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಜ್ಞಾನ ಜಾಲವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ನಡೆಸುತ್ತದೆ. ಅದರ 1 ಗಿಗಾಬಿಟ್ ಸಂಪರ್ಕ ಇರುವ ವಿಶ್ವವಿದ್ಯಾಲಯಗಳು ಅದನ್ನು ಬಿಡಬಾರದು. ದೇಶದ ಇತರ ಸಂಶೋಧನಾ ಸಂಸ್ಥೆಗಳೊಡನೆ ನೇರವಾಗಿ ದೊಡ್ಡ ದತ್ತಾಂಶ ಹಂಚಿಕೊಳ್ಳಲು ಅಂಥ ದಾರಿ ಖಾಸಗಿ ಲೀಸ್ಡ್ ಲೈನಿನಲ್ಲಿ (ಬಾಡಿಗೆಗೆ ಮೀಸಲಾಗಿ ಪಡೆದ ಸಂಪರ್ಕದಲ್ಲಿ) ಸಿಗುವುದಿಲ್ಲ. ಆದರೆ ಅದೊಂದೇ ಸಾಕೆಂಬ ಭಾವನೆ ಲೆಕ್ಕಕ್ಕೆ ನಿಲ್ಲದು. ಹಾಸ್ಟೆಲ್ಲುಗಳಲ್ಲಿ 1,200 ವಿದ್ಯಾರ್ಥಿಗಳಿದ್ದು, ರಾತ್ರಿ ಒಂಬತ್ತಕ್ಕೆ ಅರ್ಧದಷ್ಟು ಜನ ತಲಾ 3 ಮೆಗಾಬಿಟ್ ಬಳಸಿದರೂ 1.8 ಗಿಗಾಬಿಟ್ ಆಗುತ್ತದೆ. ಹಾಸ್ಟೆಲ್ಲಿನ ಬಳಕೆಯನ್ನು ಖಾಸಗಿ ಅಥವಾ ಬಿಎಸ್‌ಎನ್‌ಎಲ್ ಲೀಸ್ಡ್ ಲೈನಿಗೆ, ವಿಭಾಗಗಳ ಮತ್ತು ಗ್ರಂಥಾಲಯದ ಬಳಕೆಯನ್ನು ಜ್ಞಾನ ಜಾಲಕ್ಕೆ ಹಂಚಿ, ಒಂದು ಬಿದ್ದರೆ ಇನ್ನೊಂದು ಹೊರುವಂತೆ ಮಾಡುವುದು ಸರಿಯಾದ ಏರ್ಪಾಡು.

ಎರಡು ಕಂಪನಿಗಳಿಂದ ಎರಡು ಲೈನ್ ಪಡೆದರೆ ಸುರಕ್ಷಿತ ಎಂದು ನಂಬಿ ಮೋಸ ಹೋದವರು ಬಹಳ. ಇಬ್ಬರ ಕೇಬಲ್ಲೂ ಒಂದೇ ಹೆದ್ದಾರಿಯ ಒಂದೇ ಬದಿಯಲ್ಲಿ ಬಂದು, ರಸ್ತೆ ಅಗಲ ಮಾಡುವ ಒಂದೇ ಯಂತ್ರಕ್ಕೆ ಎರಡೂ ತುಂಡಾಗುತ್ತವೆ. ಬೆಲೆ ಕೇಳುವ ಮೊದಲು ದಾರಿಯ ನಕ್ಷೆ ಕೇಳಿ. ಕ್ಯಾಂಪಸ್ಸಿನ ಎರಡು ಬೇರೆ ದ್ವಾರಗಳಿಂದ, ಎರಡು ಬೇರೆ ರಸ್ತೆಗಳಿಂದ ಬರುವುದನ್ನು ಷರತ್ತು ಮಾಡಿ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪಿನ ಉದ್ದೇಶವೇ ಅಗೆಯುವವರು ಮೊದಲು ಕೇಬಲ್ಲಿನವರಿಗೆ ತಿಳಿಸಲಿ ಎಂಬುದು. ನಿಮ್ಮ ಆವರಣದೊಳಗಿನ ಅಗೆತಕ್ಕೂ ಅಂಥದೊಂದು ಕಟ್ಟುಪಾಡು ಬೇಕು: ತೋಟಗಾರಿಕೆಯವರಾಗಲಿ ನೀರಿನ ಪೈಪಿನವರಾಗಲಿ ನೆಟ್‌ವರ್ಕ್ ವಿಭಾಗದ ಸಹಿಯಿಲ್ಲದೆ ಗುದ್ದಲಿ ಇಳಿಸಬಾರದು.

ವೈ-ಫೈ

ವೈ-ಫೈ 6 ಮತ್ತು ವೈ-ಫೈ 7ರ ನಡುವಿನ ಆಯ್ಕೆಯಲ್ಲಿ ನಾನು ಸದ್ಯಕ್ಕೆ 6ರ ಪರ. ಏಳನೆಯ ಪೀಳಿಗೆಯ ದೊಡ್ಡ ಲಾಭ ಬರುವುದು 6 ಗಿಗಾಹರ್ಟ್ಸ್ ತರಂಗಗಳಲ್ಲಿ, ಅಗಲವಾದ ಚಾನೆಲ್ಲುಗಳಲ್ಲಿ. ಭಾರತದಲ್ಲಿ ಈ ಪಟ್ಟಿಯ ಕೆಳಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸುವ ಕರಡು ನಿಯಮ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ವಿದ್ಯಾರ್ಥಿಗಳ ಕೈಯಲ್ಲಿರುವ ಫೋನುಗಳಲ್ಲಿ ಹೆಚ್ಚಿನವು 2.4 ಮತ್ತು 5 ಗಿಗಾಹರ್ಟ್ಸಿನವೇ. ಒಂದು ವೈ-ಫೈ 7ರ ಬೆಲೆಗೆ ಒಂದೂವರೆ ಎರಡು ವೈ-ಫೈ 6 ಬರುವುದಾದರೆ ಸಂಖ್ಯೆಯನ್ನು ಹೆಚ್ಚಿಸಿ. ನಮ್ಮ ಕಟ್ಟಡಗಳ ಕಲ್ಲಿನ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ತರಂಗ ದಾಟಲಾರದು. ಪಡಸಾಲೆಯ ಛಾವಣಿಗೆ ಸಾಲಾಗಿ ಹಾಕಿದ ಉಪಕರಣಗಳು ಪಡಸಾಲೆಯಲ್ಲಿ ಓಡಾಡುವವರಿಗೆ ಚೆನ್ನಾಗಿ ಸಿಗುತ್ತವೆ, ಕೋಣೆಯೊಳಗೆ ಓದುವವರಿಗೆ ಸಿಗುವುದಿಲ್ಲ. ಕೋಣೆಯೊಳಗೇ, ಎರಡು ಮೂರು ಕೋಣೆಗೆ ಒಂದರಂತೆ ಇರಬೇಕು.

ನಿಯಂತ್ರಣ ವ್ಯವಸ್ಥೆ ಕ್ಲೌಡಿನಲ್ಲಿರಲಿ, ನಿಮ್ಮ ಕೋಣೆಯಲ್ಲಿರಲಿ, ಒಂದು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ: ಲೈಸೆನ್ಸ್ ಮುಗಿದ ಮರುದಿನ ಉಪಕರಣ ಕೆಲಸ ಮಾಡುತ್ತದೆಯೋ ಇಲ್ಲವೋ? ಅನುದಾನದಲ್ಲಿ ಕೊಂಡದ್ದಕ್ಕೆ ನಾಲ್ಕನೆಯ ವರ್ಷ ಲೈಸೆನ್ಸ್ ಹಣ ಹೊಂದಿಸಲಾಗದೆ ನೂರಾರು ಉಪಕರಣಗಳು ಛಾವಣಿಯಲ್ಲಿ ಸುಮ್ಮನೆ ತೂಗುವುದು ನೋಡಲು ಬಹಳ ಸಂಕಟದ ದೃಶ್ಯ. ಲಾಗಿನ್ ವಿಧಾನದಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಪದ್ಧತಿಯನ್ನು ನಿಲ್ಲಿಸಿ, ಒಬ್ಬೊಬ್ಬರಿಗೆ ಅವರದೇ ಗುರುತು ಕೊಡಬೇಕು. ಸಿಇಆರ್‌ಟಿ-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ದಾಖಲೆಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ತಿಳಿಸಬೇಕು. ಯಾರು ಯಾರೆಂದು ಗೊತ್ತಿಲ್ಲದ ಜಾಲದಲ್ಲಿ ಇದು ಸಾಧ್ಯವೇ ಇಲ್ಲ. ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲವಾದ ಎರ್ನೆಟ್ ಮೂಲಕ ದೊರೆಯುವ ಎಡುರೋಮ್ ಎಂಬ ವೈ-ಫೈ ಒಕ್ಕೂಟ ಸೇರಿದರೆ ನಮ್ಮ ಸಂಶೋಧಕರಿಗೆ ಬೇರೆ ವಿಶ್ವವಿದ್ಯಾಲಯಗಳಲ್ಲೂ ಅದೇ ಲಾಗಿನ್ ನಡೆಯುತ್ತದೆ.

ಟೆಲಿಫೋನು

ಹಳೆಯ ಇಪಿಎಬಿಎಕ್ಸ್ (ಆವರಣದೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಅನ್ನು ಕಿತ್ತೆಸೆದು ಎಲ್ಲವನ್ನೂ ಕಂಪ್ಯೂಟರ್ ಜಾಲದಲ್ಲೇ ನಡೆಯುವ ಐಪಿ ಫೋನಿಗೆ ತರುವ ಪ್ರಸ್ತಾಪದಲ್ಲಿ ಅರ್ಧ ಮಾತ್ರ ಸರಿಯಿದೆ. ಕಚೇರಿಗಳಿಗೆ ಐಪಿ ಫೋನ್ ಸೂಕ್ತ. ಒಂದು ಕರೆಗೆ ಜಾಲದಲ್ಲಿ ಬೇಕಾಗುವುದು ಸುಮಾರು 87 ಕಿಲೋಬಿಟ್, ನೂರು ಕರೆ ಒಟ್ಟಿಗೆ ನಡೆದರೂ 9 ಮೆಗಾಬಿಟ್ ದಾಟುವುದಿಲ್ಲ. ಆದರೆ ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ. ರಾತ್ರಿ ಎರಡಕ್ಕೆ ಕರೆಂಟು ಹೋಗಿ, ಹಾಸ್ಟೆಲ್ಲಿನ ಸ್ವಿಚ್ಚು ನಿಂತು, ವಿದ್ಯಾರ್ಥಿನಿಯೊಬ್ಬಳಿಗೆ ಜ್ವರ ಏರಿದಾಗ ವಾರ್ಡನ್ ಮೇಡಂ ಎತ್ತುವ ಫೋನು ಅದೇ ಆಗಿರಬೇಕು. ಹಾಸ್ಟೆಲ್, ಆರೋಗ್ಯ ಕೇಂದ್ರ, ಮುಖ್ಯದ್ವಾರ, ಲಿಫ್ಟ್, ನೀರಿನ ಪಂಪ್‌ಹೌಸ್ ಇಷ್ಟಕ್ಕೆ ಅನಲಾಗ್ ಲೈನ್ ಉಳಿಸಿಕೊಂಡು, ಗೇಟ್‌ವೇ ಮೂಲಕ ಅವನ್ನು ಹೊಸ ಐಪಿ ವ್ಯವಸ್ಥೆಗೆ ಜೋಡಿಸುವುದು ನಾನು ಕೊಡುವ ಸಲಹೆ. ಆಸ್ಟರಿಸ್ಕ್‌ನಂಥ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುವ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಬಲ್ಲ ಒಬ್ಬ ಕಾಯಂ ನೌಕರ ಇದ್ದರೆ ಮಾತ್ರ ಆರಿಸಿ, ಇಲ್ಲದಿದ್ದರೆ ಸೇವೆ ಸಮೇತ ಬರುವ ಉಪಕರಣವನ್ನೇ ಕೊಳ್ಳಿ.

ಟೆಂಡರು

ಉನ್ನತ ಶಿಕ್ಷಣಕ್ಕೆ ಕೇಂದ್ರದ ಅನುದಾನ ಯೋಜನೆಯಾದ ರೂಸಾ ಆಗಲಿ, 2023ರಲ್ಲಿ ಅದರ ಮುಂದುವರಿಕೆಯಾಗಿ ಬಂದ ಪಿಎಂ-ಉಷಾ ಆಗಲಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಾಗಲಿ ಕೊಳ್ಳುವುದಕ್ಕೆ ಸಿಗುವಷ್ಟು ಸುಲಭವಾಗಿ ನಿರ್ವಹಣೆಗೆ ಸಿಗುವುದಿಲ್ಲ. ಆದ್ದರಿಂದ ಐದು ವರ್ಷದ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮತ್ತು ಲೈಸೆನ್ಸನ್ನು ಖರೀದಿಯ ದರದಲ್ಲೇ ಸೇರಿಸಿ ಕೇಳಬೇಕು. ಎಲ್ಲವನ್ನೂ ಒಬ್ಬರಿಗೇ ವಹಿಸುವ ಒಟ್ಟು ಗುತ್ತಿಗೆಯಲ್ಲಿ ಹೊಣೆ ಒಬ್ಬರದೇ ಆಗಿರುತ್ತದೆ ಎಂಬ ಅನುಕೂಲವಿದೆ. ಆದರೆ ಕಣ್ಣಿಗೆ ಕಾಣುವ ಪೆಟ್ಟಿಗೆಯಲ್ಲಿ ಕಡಿತ ಮಾಡಲಾಗದೆ, ಕಾಣದ ಅಗೆತದಲ್ಲಿ ಕಡಿತ ಮಾಡುವ ಆಸೆಯೂ ಅಲ್ಲೇ ಹುಟ್ಟುತ್ತದೆ. ಸರ್ಕಾರಿ ಖರೀದಿಗೆ ಅನ್ವಯಿಸುವ 1999ರ ಕರ್ನಾಟಕದ ಪಾರದರ್ಶಕತೆ ಅಧಿನಿಯಮದಡಿ ಕಡಿಮೆ ದರದವರಿಗೇ ಕೆಲಸ ಹೋಗುವುದರಿಂದ, ಅಗೆತ ಹಾಗೂ ಕೇಬಲ್ಲಿಗೆ ಒಂದು ಟೆಂಡರು, ಉಪಕರಣಗಳಿಗೆ ಇನ್ನೊಂದು ಎಂದು ಬೇರ್ಪಡಿಸುವುದನ್ನೇ ನಾನು ಆರಿಸುತ್ತೇನೆ. ಮೊದಲಿನದು ಮುಗಿದು ಪರೀಕ್ಷೆಯಾದ ಮೇಲೆ ಎರಡನೆಯದನ್ನು ಕರೆದರೆ ಉಪಕರಣಗಳೂ ಆ ಹೊತ್ತಿನ ಹೊಸ ಮಾದರಿಯವೇ ಬರುತ್ತವೆ.

ಅಗೆತವನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಬೇಕು. ಆಗ ಎರೆಮಣ್ಣು ಅಂಟುವುದೂ ಇಲ್ಲ, ಕಲ್ಲಿನಂತೆ ಬಿಗಿಯುವುದೂ ಇಲ್ಲ. ಪ್ರತಿ ಐವತ್ತು ಮೀಟರಿಗೆ, ಮಣ್ಣು ಮುಚ್ಚುವ ಮೊದಲು, ಅಳತೆಪಟ್ಟಿ ಇಳಿಬಿಟ್ಟ ಕಂದಕದ ಫೋಟೋ ಅಳತೆ ಪುಸ್ತಕಕ್ಕೆ ಸೇರಲಿ. ಪ್ರತಿ ಎಳೆಯನ್ನೂ ಎರಡೂ ತುದಿಯಿಂದ, 1310 ಮತ್ತು 1550 ನ್ಯಾನೋಮೀಟರ್ ತರಂಗದ ಬೆಳಕು ಎರಡರಲ್ಲೂ ಓಟಿಡಿಆರ್ ಪರೀಕ್ಷೆ ಮಾಡಿಸಿ ಫೈಲನ್ನು ಇಟ್ಟುಕೊಳ್ಳಿ. ಒಂದು ಬೇಸಿಗೆಯ ಬಿರುಕು, ಒಂದು ಮಳೆಗಾಲದ ಉಬ್ಬು ಕಳೆದು, ಅಕ್ಟೋಬರಿನಲ್ಲಿ ಅದೇ ಎಳೆಗಳನ್ನು ಮತ್ತೆ ಅಳೆಯಿರಿ. ಎರಡು ಅಳತೆಗಳೂ ಹೊಂದಿದ ದಿನ ಗುತ್ತಿಗೆದಾರನ ಕೊನೆಯ ಬಿಲ್ಲಿಗೆ ಸಹಿ ಹಾಕಿ, ಅಲ್ಲಿಯವರೆಗೆ ಶೇ. 10ರಷ್ಟು ಹಣ ವಿಶ್ವವಿದ್ಯಾಲಯದಲ್ಲೇ ಇರಲಿ, ಮತ್ತು ಈ ಷರತ್ತು ಟೆಂಡರಿನ ಮೊದಲ ಪುಟದಲ್ಲೇ ಇರಲಿ.